ಎಂಟು ತಂತಿಯ ಬೇಸ್ ಗಿಟಾರ್ ಕಟ್ಟುವವರು, ಮಾರ್ಪಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಗಿಟಾರ್ ಕಟ್ಟುವ, ರಿಪೇರಿ ಮಾಡುವ ಕೆಲಸ ನನ್ನದು. ಎಂಟು ತಂತಿಯ ಬೇಸ್ ಬಗ್ಗೆ ಕೇಳಿಕೊಂಡು ಬರುವವರು ಈಗ ಜಾಸ್ತಿ ಆಗಿದ್ದಾರೆ. ಕ್ಯಾಂಪ್ ಕಡೆಯ ಚರ್ಚ್ ಬ್ಯಾಂಡಿನವರು, ಗಣಪತಿ ಹಬ್ಬಕ್ಕೆ ನುಡಿಸುವ ಆರ್ಕೆಸ್ಟ್ರಾದವರು, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ಬಾಗಲಕೋಟೆ ವಿಜಯಪುರದಿಂದ ಫೋನ್ ಮಾಡುವವರು. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವನ್ನೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ವಾದ್ಯ ಚೆನ್ನಾಗಿ ಬರುವುದು, ಕೆಡುವುದು ಎರಡೂ ನೆಕ್ (ಬೆರಳು ಒತ್ತುವ ಉದ್ದ ಭಾಗ) ಮತ್ತು ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ) ಮೇಲೆ ನಿಂತಿದೆ. ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಅಯಸ್ಕಾಂತದ ಸುರುಳಿ), ಬಣ್ಣ, ಕಟ್ಟಿಗೆಯ ಹೆಸರು ಎಲ್ಲ ಆಮೇಲಿನ ಮಾತು. ಆ ಎರಡು ಕೆಲಸ ಬಲ್ಲ ಕೈಗಳು ನಮ್ಮ ಊರಲ್ಲೇ ಇವೆ.

ಎಂಟು ತಂತಿಯ ಬೇಸ್ ಅಂದರೆ ನಾಲ್ಕು ತಂತಿಯ ಬೇಸಿಗೆ ಇನ್ನೂ ನಾಲ್ಕು ಸ್ವರ ಸೇರಿಸಿದ್ದಾ?

ಎರಡು ಜಾತಿ ಇವೆ. ಮೊದಲನೆಯದರಲ್ಲಿ ತಂತಿಗಳು ಜೋಡಿ ಜೋಡಿಯಾಗಿ ಇರುತ್ತವೆ. ಮಾಮೂಲಿ ಇ, ಎ, ಡಿ, ಜಿ ತಂತಿಗಳ ಪಕ್ಕದಲ್ಲೇ ಒಂದು ಸಪ್ತಕ ಮೇಲಿನ ಸಣ್ಣ ತಂತಿ. ಬೆರಳು ಒಂದೇ ಕಡೆ ಒತ್ತುತ್ತದೆ, ಎರಡೂ ನುಡಿಯುತ್ತವೆ. ನಮ್ಮ ಕಡೆ ಪೇಟಿ ಬಾರಿಸುವವರಿಗೆ ಇದು ಬೇಗ ತಿಳಿಯುತ್ತದೆ. ಡಬಲ್ ರೀಡಿನ ಪೇಟಿಯಲ್ಲಿ ಒಂದು ಮನೆ ಒತ್ತಿದರೆ ಖರ್ಜದ ರೀಡೂ ಮೇಲಿನ ರೀಡೂ ಕೂಡಿ ನುಡಿಯುತ್ತವಲ್ಲ, ಹಾಗೇ.

ಎರಡನೆಯದು ಎಂಟು ಬಿಡಿ ತಂತಿಗಳ ಅಗಲವಾದ ಬೇಸ್. ಅದನ್ನು ಸಾಮಾನ್ಯವಾಗಿ ಎಫ್ ಶಾರ್ಪ್, ಬಿ, ಇ, ಎ, ಡಿ, ಜಿ, ಸಿ, ಎಫ್ ಎಂದು ಶ್ರುತಿ ಮಾಡುತ್ತಾರೆ. ಅದರ ಕೆಳಗಿನ ಎಫ್ ಶಾರ್ಪ್ ಸುಮಾರು 23 ಹರ್ಟ್ಸ್. ಮನುಷ್ಯನ ಕಿವಿ ಕೇಳುವುದೇ 20 ಹರ್ಟ್ಸಿನಿಂದ. ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಹೊರಡಿಸುವ ಸ್ಪೀಕರ್ ನಮ್ಮ ಊರಿನ ಮದುವೆ ಹಾಲುಗಳಲ್ಲಿ ಎಲ್ಲಿ ಸಿಗಬೇಕು? ಒಬ್ಬರೇ ಕೂತು ನುಡಿಸುವವರಿಗೆ ಅದು ದೊಡ್ಡ ಲೋಕ, ಒಪ್ಪುತ್ತೇನೆ. ಬ್ಯಾಂಡಿನಲ್ಲಿ ನುಡಿಸುವವರಿಗೆ ನಾನು ಜೋಡಿ ತಂತಿಯದ್ದನ್ನೇ ಹೇಳುತ್ತೇನೆ. ಈ ಪುಟದ ಮಾತೆಲ್ಲ ಅದರ ಬಗ್ಗೆಯೇ.

ಇದು ಹೊಸ ಆವಿಷ್ಕಾರವೇ?

ಅಲ್ಲ. ಸ್ವೀಡನ್ನಿನ ಹಾಗ್‌ಸ್ಟ್ರಾಮ್ ಕಂಪನಿ 1960ರ ದಶಕದ ಕೊನೆಯಲ್ಲೇ ಎಚ್8 ಎಂಬ ಎಂಟು ತಂತಿಯ ಬೇಸ್ ಮಾಡಿ ಮಾರಿತ್ತು. ಜಿಮಿ ಹೆಂಡ್ರಿಕ್ಸ್ ತಂಡದ ನೋಯೆಲ್ ರೆಡ್ಡಿಂಗ್ ಅದನ್ನು ನುಡಿಸಿದ್ದರು. ಲೆಡ್ ಜೆಪ್ಪೆಲಿನ್ ತಂಡದ ಜಾನ್ ಪಾಲ್ ಜೋನ್ಸ್ ಅಲೆಂಬಿಕ್ ಕಂಪನಿಯ ಎಂಟು ತಂತಿಯ ಬೇಸ್ ಬಳಸಿದರು. 1970ರ ದಶಕದಲ್ಲಿ ಹೇಮರ್ ಕಂಪನಿ ಚೀಪ್ ಟ್ರಿಕ್ ತಂಡದ ಟಾಮ್ ಪೀಟರ್ಸನ್‌ಗಾಗಿ ಹನ್ನೆರಡು ತಂತಿಯ ಬೇಸನ್ನೂ ಕಟ್ಟಿಕೊಟ್ಟಿತು. ಅದರಲ್ಲಿ ಪ್ರತಿ ದಪ್ಪ ತಂತಿಗೆ ಎರಡೆರಡು ಸಣ್ಣ ತಂತಿ.

ಎಚ್8ರಲ್ಲಿ ಕಲಿಯಬೇಕಾದ ಒಂದು ಸಂಗತಿ ಇದೆ. ಅದರ ಸ್ಕೇಲ್ ಉದ್ದ, ಅಂದರೆ ತಂತಿ ಅಲುಗುವ ಭಾಗದ ಉದ್ದ, 30.75 ಇಂಚು ಮಾತ್ರ, ಈಗಿನ ಮಾಮೂಲಿ ಬೇಸಿನ 34 ಇಂಚಿಗಿಂತ ಕಡಿಮೆ. ಅದರ ಲಾಭ ಏನು ಅನ್ನುವುದು ಎಳೆತದ ಲೆಕ್ಕಕ್ಕೆ ಬಂದಾಗ ಗೊತ್ತಾಗುತ್ತದೆ.

ಆಕ್ಟೇವ್ ಪೆಡಲ್ ಹಾಕಿದರೆ ಇದೇ ಸದ್ದು ಬರುವುದಿಲ್ಲವೇ?

ಹತ್ತಿರ ಬರುತ್ತದೆ, ಅದೇ ಬರುವುದಿಲ್ಲ. ಪೆಡಲ್ ನಿಮ್ಮ ಸ್ವರ ನೋಡಿ ಅದರ ಮೇಲಿನದನ್ನು ತಾನೇ ಹುಟ್ಟಿಸುತ್ತದೆ. ಜೋಡಿ ತಂತಿಯಲ್ಲಿ ಎರಡು ತಂತಿಗಳು ನಿಜವಾಗಿ ಅಲುಗುತ್ತವೆ. ಎರಡರ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸದಿಂದ ಸದ್ದು ಮೆಲ್ಲಗೆ ತೂಗುತ್ತದೆ, ತುಂಬಿಕೊಂಡು ಬರುತ್ತದೆ. ನನಗೆ ಈ ವಾದ್ಯದ ಮೇಲೆ ಇಷ್ಟು ಪ್ರೀತಿ ಇರುವುದು ಆ ತೂಗಾಟಕ್ಕೇ.

ಆದರೂ ಹೊಸಬರಿಗೆ ಒಂದು ಸಲಹೆ. ಯಾರದಾದರೂ ಪೆಡಲ್ ಎರವಲು ತಂದು ನಿಮ್ಮ ಬ್ಯಾಂಡಿನ ಹಾಡುಗಳಿಗೆ ನುಡಿಸಿ ನೋಡಿ. ಮೇಲಿನ ಸಪ್ತಕ ಸೇರಿದಾಗ ಗಿಟಾರಿಗೂ ಕೀಬೋರ್ಡಿಗೂ ಜಾಗ ಉಳಿಯುತ್ತದಾ ನೋಡಿ. ಉಳಿಯುತ್ತದೆ ಅನ್ನಿಸಿದರೆ ಕಟ್ಟಿಗೆ ಹುಡುಕಿ.

ನನ್ನ ಹತ್ತಿರ ಇರುವ ನಾಲ್ಕು ತಂತಿಯ ಬೇಸನ್ನೇ ಎಂಟಕ್ಕೆ ಬದಲಾಯಿಸಬಹುದೇ?

ಬದಲಾಯಿಸಬಹುದು. ಮೊದಲು ಮೂರು ಸಂಗತಿ ನೋಡಬೇಕು.

ಮೊದಲನೆಯದು ಎಳೆತ. 34 ಇಂಚಿನ ಬೇಸಿಗೆ 45ರಿಂದ 105ರ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಮಾಮೂಲಿ ಸೆಟ್ ಹಾಕಿದರೆ ನಾಲ್ಕೂ ತಂತಿ ಸೇರಿ ನೆಕ್ಕನ್ನು ಸುಮಾರು 80 ಕೆ.ಜಿ. ಬಲದಿಂದ ಎಳೆಯುತ್ತವೆ. ಮೇಲಿನ ಸಪ್ತಕದ ತಂತಿಗಳು 18, 26, 34, 46ರ ಆಸುಪಾಸಿನವು ಅಂದುಕೊಳ್ಳಿ. ಒಂದೊಂದೂ 13–15 ಕೆ.ಜಿ. ಎಳೆಯುತ್ತದೆ. ಒಟ್ಟು 135 ಕೆ.ಜಿ. ಹತ್ತಿರ ಆಯಿತು. 80 ಕೆ.ಜಿ.ಗೆ ಅಂತ ಮಾಡಿದ ನೆಕ್ ಅಷ್ಟನ್ನು ತಡೆಯುತ್ತದಾ? ನೆಕ್ಕಿನೊಳಗೆ ಕೂತು ಅದರ ಬಾಗು ಸರಿಪಡಿಸುವ ಸರಳು, ಅಂದರೆ ಟ್ರಸ್ ರಾಡ್, ಅದರ ನಟ್ ತಿರುಗಿಸಿ ನೋಡಿ. ಈಗಲೇ ಅದು ಕೊನೆ ಮುಟ್ಟಿದ್ದರೆ ಆ ನೆಕ್ಕಿನ ಆಸೆ ಬಿಡಿ.

ಎರಡನೆಯದು ನೆಕ್ಕಿನ ಅಗಲ. ತಲೆಯ ಕಡೆ ತಂತಿ ಕೂರುವ ಪಟ್ಟಿ ಜಾಝ್ ಮಾದರಿಯ ಬೇಸಿನಲ್ಲಿ 38 ಮಿ.ಮೀ. ಇರುತ್ತದೆ. ಅಲ್ಲಿ ಎಂಟು ತಂತಿ ಕೂರಿಸಿದರೆ ಬೆರಳಿಗೆ ಜಾಗ ಇರುವುದಿಲ್ಲ. ಪ್ರೆಸಿಶನ್ ಮಾದರಿಯ 42 ಮಿ.ಮೀ. ನೆಕ್ಕಿನಲ್ಲಿ ಕಷ್ಟಪಟ್ಟು ಆಗುತ್ತದೆ. ಹೊಸದಾಗಿ ಕಟ್ಟುವಾಗ ನಾನು 46 ಮಿ.ಮೀ. ಇಡುತ್ತೇನೆ.

ಮೂರನೆಯದು ತಲೆ. ಟ್ಯೂನರುಗಳೆಲ್ಲ (ತಂತಿ ಬಿಗಿಯುವ ಬಿರಡೆಗಳು) ಒಂದೇ ಸಾಲಿನಲ್ಲಿ ಇರುವ ತಲೆಯಲ್ಲಿ ಇನ್ನೂ ನಾಲ್ಕು ಟ್ಯೂನರ್ ಕೂರಿಸಲು ಹೋದರೆ ತಂತಿಗಳು ಒಂದರ ಮೇಲೊಂದು ಹಾಯುತ್ತವೆ. ಎರಡು ಕಡೆ ಎರಡೆರಡು ಟ್ಯೂನರ್ ಇರುವ ತಲೆ ಇದ್ದರೆ ಕೆಲಸ ಸುಲಭ. ಇನ್ನೊಂದು ದಾರಿಯೂ ಇದೆ: ಸಣ್ಣ ತಂತಿಗಳ ಟ್ಯೂನರನ್ನು ಬಾಡಿಯ ಹಿಂಬದಿಯ ತುದಿಗೆ ಕೂರಿಸುವುದು. ಬಿ.ಸಿ. ರಿಚ್ ಕಂಪನಿಯ ಹತ್ತು ತಂತಿಯ ಗಿಟಾರ್ ಹಾಗೆ ಮಾಡಿದ್ದು. ತಲೆಯ ಭಾರವೂ ಕಡಿಮೆ ಆಗುತ್ತದೆ. ಬಾಡಿ ಕತ್ತರಿಸುವ ಧೈರ್ಯ ಮಾತ್ರ ಬೇಕು.

ಈ ಮೂರೂ ಸರಿ ಇದ್ದರೆ ಮುಂದುವರಿಯಿರಿ. ಮೂರರಲ್ಲಿ ಎರಡು ಸರಿ ಇಲ್ಲದಿದ್ದರೆ ಬಾಡಿ ಉಳಿಸಿಕೊಂಡು ಹೊಸ ನೆಕ್ ಕಟ್ಟುವುದೇ ಲೇಸು.

ಎಳೆತ ಕಡಿಮೆ ಮಾಡುವ ಉಪಾಯ ಇದೆಯೇ?

ಮೂರು ಇವೆ. ಮೂರನ್ನೂ ಜನ ಕಡೆಗಣಿಸುತ್ತಾರೆ, ಅದೇ ಬೇಸರ.

ತೆಳು ಸೆಟ್ ಹಾಕಿ. 105ರ ಬದಲು 95ರಿಂದ ಶುರುವಾಗುವ ಸೆಟ್ ಹಾಕಿದರೆ ಹತ್ತು ಹನ್ನೆರಡು ಕೆ.ಜಿ. ಉಳಿಯುತ್ತದೆ. ಮೇಲಿನ ತಂತಿ ಸೇರುವುದರಿಂದ ಸದ್ದು ಬಡವಾಗುವುದಿಲ್ಲ.

ಶ್ರುತಿ ಇಳಿಸಿ. ಅರ್ಧ ಸ್ವರ ಇಳಿಸಿದರೆ ಎಳೆತ 11 ಪ್ರತಿಶತ ಕಡಿಮೆ ಆಗುತ್ತದೆ. ಒಂದು ಪೂರ್ತಿ ಸ್ವರ ಇಳಿಸಿದರೆ 20 ಪ್ರತಿಶತಕ್ಕಿಂತ ಸ್ವಲ್ಪ ಜಾಸ್ತಿ. ಒಂದೂವರೆ ಸ್ವರ ಇಳಿಸಿದರೆ 29 ಪ್ರತಿಶತ. ಭಜನೆ, ವಚನ, ದಾಸರ ಪದ ಹಾಡುವವರ ಜೊತೆ ನುಡಿಸುವವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ಸ್ವರ ಇಳಿಸಿದರೆ ಕೆಳಗಿನ ಬಿಡಿ ತಂತಿಯೇ ಪೇಟಿಯ ಬಿಳಿ ಎರಡರ ಷಡ್ಜ. ಒಂದೂವರೆ ಇಳಿಸಿದರೆ ಕರಿ ಒಂದರ ಷಡ್ಜ. ಗಂಡಸರು ಹಾಡುವ ಶ್ರುತಿ ಬಹಳ ಸಲ ಅಲ್ಲೇ ಇರುತ್ತದೆ. ಬಿಡಿ ತಂತಿಯ ಜೋಡಿ ಷಡ್ಜ ಹಿಡಿದು ನಿಂತರೆ ಹಾಡುವವರಿಗೆ ಎಷ್ಟು ನೆಮ್ಮದಿ ಅನ್ನುವುದನ್ನು ಒಮ್ಮೆ ನುಡಿಸಿಯೇ ನೋಡಬೇಕು.

ಸ್ಕೇಲ್ ಉದ್ದ ಕಡಿಮೆ ಮಾಡಿ. ಎಳೆತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡು 34 ಇಂಚಿನಿಂದ 30.75ಕ್ಕೆ ಬಂದರೆ 18 ಪ್ರತಿಶತ ಇಳಿಯುತ್ತದೆ. ಎಚ್8ರ ನೆಕ್ಕಿಗೆ ಸಿಕ್ಕ ಲಾಭ ಇದೇ. ಕೈ ಚಿಕ್ಕದಿರುವವರಿಗೆ, ಶಾಲೆ ಓದುವ ಮಕ್ಕಳಿಗೆ ನಾನು ಕಣ್ಣುಮುಚ್ಚಿ ಚಿಕ್ಕ ಸ್ಕೇಲ್ ಹೇಳುತ್ತೇನೆ.

ನೆಕ್ಕಿಗೆ ಯಾವ ಕಟ್ಟಿಗೆ? ಸಾಗವಾನಿ ನಡೆಯುತ್ತದಾ?

ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಖಾನಾಪುರ, ದಾಂಡೇಲಿ ಕಡೆಯ ಕಾಡು ನಮಗೆ ಹತ್ತಿರ. ಸಾಗವಾನಿ ಹವಾಮಾನ ಬದಲಾದರೂ ಹೆಚ್ಚು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ನೆಕ್ಕಿಗೆ ಬೇಕಾದ ಮೊದಲ ಗುಣ ಅದು. ಅದಕ್ಕೆ ಎರಡು ಕೆಟ್ಟ ಗುಣ ಇವೆ. ಅದರಲ್ಲಿ ಎಣ್ಣೆ ಅಂಶ ಇದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟು ಹಚ್ಚುವ ಸ್ವಲ್ಪ ಮುಂಚೆ ಹೊಸದಾಗಿ ರಂದ ಹೊಡೆದು, ಅಸಿಟೋನಿನಿಂದ ಒರೆಸಿ, ಕೂಡಲೇ ಅಂಟಿಸಬೇಕು. ಇನ್ನೊಂದು, ಅದರೊಳಗೆ ಮರಳಿನಂಥ ಸಿಲಿಕಾ ಇರುವುದರಿಂದ ಉಳಿ, ರಂದದ ಬಾಯಿ ಬೇಗ ಮೊಂಡಾಗುತ್ತದೆ.

ಒಂದೇ ತುಂಡಿನಲ್ಲಿ ನೆಕ್ ಮಾಡಬೇಡಿ. ಐದು ಪಟ್ಟಿ ಅಂಟಿಸಿ ಮಾಡಿ: ಮೂರು ಸಾಗವಾನಿ, ನಡುವೆ ಎರಡು ತೆಳು ಬೀಟೆ. ಪಕ್ಕಪಕ್ಕದ ಪಟ್ಟಿಗಳ ಎಳೆ ಒಂದಕ್ಕೊಂದು ಎದುರು ದಿಕ್ಕಿಗೆ ಬರುವಂತೆ ಜೋಡಿಸಿ. ಒಂದು ಪಟ್ಟಿ ಬಾಗಲು ಹೊರಟರೆ ಪಕ್ಕದ್ದು ತಡೆಯುತ್ತದೆ. ನಡುವೆ ಎರಡೂ ಕಡೆ ಕೆಲಸ ಮಾಡುವ ಒಂದು ಒಳ್ಳೆಯ ಟ್ರಸ್ ರಾಡ್, ಅದರ ಅಕ್ಕಪಕ್ಕ ಎರಡು ಕಾರ್ಬನ್ ಫೈಬರ್ ಪಟ್ಟಿ. ಕಾರ್ಬನ್ ಪಟ್ಟಿಯನ್ನು ಎಪಾಕ್ಸಿಯಲ್ಲಿ ಕೂರಿಸಿ. ಕೆಲವರು ಎರಡು ಟ್ರಸ್ ರಾಡ್ ಹಾಕುತ್ತಾರೆ. ನನಗೆ ಅದು ಇಷ್ಟವಿಲ್ಲ. ಎರಡನ್ನೂ ಸಮನಾಗಿ ತಿರುಗಿಸದಿದ್ದರೆ ನೆಕ್ ತಿರುಚಿಕೊಳ್ಳುತ್ತದೆ. ತಿರುಚಿದ ನೆಕ್ ನೆಟ್ಟಗೆ ಮಾಡುವುದು ಬಾಗಿದ್ದನ್ನು ಸರಿ ಮಾಡುವುದಕ್ಕಿಂತ ಎಷ್ಟೋ ಕಷ್ಟ.

ಹಳೇ ವಾಡೆ ಕೆಡವಿದಾಗ ಸಿಗುವ ಸಾಗವಾನಿ ತೊಲೆ ನನ್ನ ಮೆಚ್ಚಿನ ಮಾಲು. ಎಷ್ಟೋ ದಶಕ ಗಾಳಿಯಲ್ಲಿ ಒಣಗಿ ನಿಂತ ಕಟ್ಟಿಗೆ ಅದು. ಅಂಥ ಕಟ್ಟಿಗೆ ದುಡ್ಡು ಕೊಟ್ಟರೂ ಹೊಸದಾಗಿ ಸಿಗುವುದಿಲ್ಲ. ಸಾ ಮಿಲ್ಲಿಗೆ ಒಯ್ಯುವ ಮುಂಚೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಒಳಗೆ ಮುರಿದು ಕುಳಿತ ಒಂದು ಮೊಳೆ ಸಾಕು, ಗರಗಸದ ಹಲ್ಲು ಹೋಗುತ್ತದೆ. ಮಿಲ್ಲಿನವರು ಮುಂದಿನ ಸಲ ನಿಮ್ಮ ತೊಲೆ ಮುಟ್ಟುವುದಿಲ್ಲ. ತೊಲೆಯ ನಡುಭಾಗ ಬಿಟ್ಟು, ಬಿರುಕಿಲ್ಲದ ಪಕ್ಕದ ಭಾಗ ತೆಗೆದುಕೊಳ್ಳಿ.

ಹೊಸ ಕಟ್ಟಿಗೆ ಆದರೆ ಬಿಲ್ ಇರುವ ಡಿಪೋದಿಂದಲೇ ಕೊಳ್ಳಿ. ಬೀಟೆಗಂತೂ ಇದು ಕಡ್ಡಾಯ ಅಂದುಕೊಳ್ಳಿ. ಬೀಟೆಯ ಧೂಳು ಮೂಗಿಗೂ ಚರ್ಮಕ್ಕೂ ಕೆಟ್ಟದ್ದು. ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಬಾಡಿಗೂ ಸಾಗವಾನಿಯೇ?

ಬೇಡ ಅನ್ನುತ್ತೇನೆ. ಹೊರಗಿನ ಕಂಪನಿಗಳು ಬಾಡಿಗೆ ಬಳಸುವ ಆಲ್ಡರ್ ಜಾತಿಯ ಹಗುರ ಕಟ್ಟಿಗೆಗಿಂತ ಇದು ಭಾರ. ಒಂದು ಬಾಡಿಗೆ ಒಂದು ಕೆ.ಜಿ. ಹತ್ತಿರ ಜಾಸ್ತಿ ಆಗುತ್ತದೆ. ಎರಡು ತಾಸು ನಿಂತು ನುಡಿಸುವ ಹೆಗಲಿಗೆ ಅದು ದೊಡ್ಡ ಭಾರ. ಮಿರಜಿನ ಸಿತಾರ್ ಮಾಡುವವರು ಬಳಸುವ ತೂನ್ ಕಟ್ಟಿಗೆ ಹಗುರ, ಕೆತ್ತಲು ಸುಲಭ, ನೋಡಲೂ ಚೆಂದ. ಸಾಗವಾನಿಯೇ ಬೇಕು ಅಂದರೆ ಒಳಗೆ ಟೊಳ್ಳು ಕೊರೆದು ಮೇಲೆ ತೆಳು ಹಲಗೆ ಮುಚ್ಚಿ.

ಬಾಡಿಯ ಕಟ್ಟಿಗೆಯಿಂದ ಸದ್ದು ಎಷ್ಟು ಬದಲಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎಲೆಕ್ಟ್ರಿಕ್ ಬೇಸಿನಲ್ಲಿ ಪಿಕಪ್, ತಂತಿ, ಬೆರಳು ಮಾಡುವ ವ್ಯತ್ಯಾಸದ ಮುಂದೆ ಅದು ಸಣ್ಣದು. ತೂಕ ನೋಡಿ ಆರಿಸಿ.

ಕಟ್ಟಿಗೆ ಎಷ್ಟು ಒಣಗಿರಬೇಕು? ಯಾವ ಕಾಲದಲ್ಲಿ ಕಟ್ಟುವುದು ಒಳ್ಳೆಯದು?

ತೇವ 8ರಿಂದ 12 ಪ್ರತಿಶತದ ಒಳಗೆ ಇರಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಕೊಂಡಿಟ್ಟುಕೊಳ್ಳಿ. ಗಾಳಿಯಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಿಗರ ಲೆಕ್ಕ.

ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಕಟ್ಟಿಗೆ ಒಣಗುತ್ತದಾ? ಆ ಕಾಲದಲ್ಲಿ ಫ್ರೆಟ್‌ಬೋರ್ಡ್ ಅಂಟಿಸಿ ಫ್ರೆಟ್ (ಸ್ವರದ ಜಾಗದಲ್ಲಿ ಕೂರುವ ಲೋಹದ ಅಡ್ಡ ಕಂಬಿ) ಹೊಡೆದರೆ ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಗೆ ಚಾಚುತ್ತವೆ, ಕೈಗೆ ಗೀರುತ್ತವೆ. ಅದೇ ವಾದ್ಯ ಏಪ್ರಿಲ್ ತಿಂಗಳಲ್ಲಿ ವಿಜಯಪುರಕ್ಕೆ ಹೋದರೆ ಕೇಳುವುದೇ ಬೇಡ. ಅಲ್ಲಿ 40 ಡಿಗ್ರಿ ಬಿಸಿಲು, ಒಣ ಗಾಳಿ. ಹಾಗಾಗಿ ಒರಟಾಗಿ ಕತ್ತರಿಸುವ ಕೆಲಸ ಯಾವಾಗ ಬೇಕಾದರೂ ಮಾಡಿ. ನೆಕ್ ಅಂಟಿಸುವುದು, ಫ್ರೆಟ್ ಹೊಡೆಯುವುದು ದೀಪಾವಳಿ ಆದ ಮೇಲೆ. ಬಾಗಲಕೋಟೆ, ವಿಜಯಪುರದಲ್ಲಿ ಇರುವವರಿಗಾಗಿ ಕಟ್ಟುವಾಗ ನಾನು ಫ್ರೆಟ್ಟಿನ ತುದಿಗಳನ್ನು ಸ್ವಲ್ಪ ಒಳಗೇ ನಿಲ್ಲಿಸಿ ಉಜ್ಜುತ್ತೇನೆ.

ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಇಟ್ಟು ಹೋಗಬೇಡಿ. ಅಂಟು ಸಡಿಲ ಆಗುತ್ತದೆ.

ಫ್ರೆಟ್ಟಿನ ಲೆಕ್ಕ ಎಂಟು ತಂತಿಗೆ ಬೇರೆಯೇ?

ಬೇರೆ ಅಲ್ಲ. ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತಾ ಹೋಗಿ. 34 ಇಂಚು ಅಂದರೆ 863.6 ಮಿ.ಮೀ. ಮೊದಲ ಫ್ರೆಟ್ ತಲೆಯ ಕಡೆಯ ಪಟ್ಟಿಯಿಂದ 48.47 ಮಿ.ಮೀ. ದೂರದಲ್ಲಿ ಬರುತ್ತದೆ. ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 431.8ಕ್ಕೆ.

ಬ್ರಿಡ್ಜ್ ಎಲ್ಲಿ ಸಿಗುತ್ತದೆ? ನಾಲ್ಕು ತಂತಿಯ ಬ್ರಿಡ್ಜಿನಲ್ಲೇ ಎರಡೆರಡು ಗೀರು ಹಾಕಿದರೆ ಆಗದೇ?

ಎರಡೆರಡು ಗೀರು ಹಾಕಿದರೆ ತಂತಿ ಕೂರುತ್ತದೆ, ಶ್ರುತಿ ಕೂರುವುದಿಲ್ಲ. ಕಾರಣ ಹೇಳುತ್ತೇನೆ. ದಪ್ಪ ತಂತಿ ಬಿರುಸು. ಫ್ರೆಟ್ಟಿಗೆ ಒತ್ತಿದಾಗ ಅದರ ಸ್ವರ ಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ. ಅದನ್ನು ಸರಿದೂಗಿಸಲು ಅದರ ಸ್ಯಾಡಲ್ಲನ್ನು, ಅಂದರೆ ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡನ್ನು, ಹಿಂದೆ ಸರಿಸಿ ತಂತಿಯ ಉದ್ದ ಜಾಸ್ತಿ ಮಾಡುತ್ತೇವೆ. ಪಕ್ಕದ ಸಣ್ಣ ತಂತಿಗೆ ಅಷ್ಟು ಹಿಂದೆ ಬೇಕಿಲ್ಲ, ಅದು ಕೆಲವು ಮಿ.ಮೀ. ಮುಂದೆಯೇ ನಿಲ್ಲಬೇಕು. ಎರಡನ್ನೂ ಒಂದೇ ಸ್ಯಾಡಲ್ಲಿಗೆ ಕಟ್ಟಿದರೆ ಬಿಡಿ ತಂತಿಯಲ್ಲಿ ಜೋಡಿ ಕೂಡುತ್ತದೆ, ಹನ್ನೆರಡನೇ ಫ್ರೆಟ್ಟಿನಲ್ಲಿ ಜಗಳ ಆಡುತ್ತದೆ. ಈ ವಾದ್ಯದ ಹೆಸರು ಕೆಡಿಸಿದ್ದೇ ಈ ಒಂದು ಉಳಿತಾಯ. ಎಂಟು ತಂತಿಗೆ ಎಂಟು ಸ್ಯಾಡಲ್ ಬೇಕು.

ತಯಾರಾದದ್ದು ಹೊರದೇಶದಿಂದ ತರಿಸಬಹುದು. ನನ್ನ ಮನಸ್ಸು ಇಲ್ಲೇ ಮಾಡಿಸುವುದರ ಕಡೆ. ಉದ್ಯಮಬಾಗ, ಮಚ್ಚೆ ಕಡೆ ಲೇತ್, ಮಿಲ್ಲಿಂಗ್ ಇರುವ ವರ್ಕ್‌ಶಾಪ್‌ಗಳು ಬೇಕಾದಷ್ಟಿವೆ. ಫೌಂಡ್ರಿ, ಹೈಡ್ರಾಲಿಕ್ ಬಿಡಿಭಾಗಗಳ ಊರು ಇದು. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕೈಗಳಿಗೆ ನಮ್ಮ ಬ್ರಿಡ್ಜ್ ದೊಡ್ಡ ಕೆಲಸ ಅಲ್ಲ. ಅವರಿಗೆ ಬೇಕಾಗಿರುವುದು ಸರಿಯಾದ ಡ್ರಾಯಿಂಗ್. ಬಾಯಲ್ಲಿ ಹೇಳಿ ಮಾಡಿಸಲು ಹೋಗಬೇಡಿ. ಅಳತೆ ಎಲ್ಲ ಮಿ.ಮೀ.ನಲ್ಲಿ ಬರೆದು ಒಯ್ಯಿರಿ.

ಡ್ರಾಯಿಂಗಿನಲ್ಲಿ ಇವು ಇರಲಿ. ತಳದ ತಗಡು 3 ಮಿ.ಮೀ. ಹಿತ್ತಾಳೆ ಅಥವಾ ಸ್ಟೀಲ್. ಜೋಡಿಯಿಂದ ಜೋಡಿಗೆ 18ರಿಂದ 19 ಮಿ.ಮೀ. ಜೋಡಿಯ ಒಳಗೆ ಎರಡು ತಂತಿಗಳ ಅಂಚಿನ ನಡುವೆ ಸುಮಾರು 3 ಮಿ.ಮೀ. ಅಷ್ಟು ಇಕ್ಕಟ್ಟಿನಲ್ಲಿ ಎರಡು ಸ್ಯಾಡಲ್ ಪಕ್ಕಪಕ್ಕ ಕೂರಬೇಕಾದ್ದರಿಂದ ಸ್ಯಾಡಲ್ ಸಪೂರ ಇರಬೇಕು. ಪ್ರತಿಯೊಂದಕ್ಕೂ ಎತ್ತರದ ಸ್ಕ್ರೂ, ಹಿಂದೆ ಮುಂದೆ ಮಾಡುವ ಸ್ಕ್ರೂ ಬೇರೆ ಬೇರೆ. ಹಿತ್ತಾಳೆ ಕೊರೆಯಲು ಸುಲಭ, ತುಕ್ಕು ಹಿಡಿಯುವುದಿಲ್ಲ. ತಂತಿಯ ತುದಿಯ ಗುಂಡು ಮರೆಯಬೇಡಿ. ಬೇಸ್ ತಂತಿಯ ಗುಂಡು ದೊಡ್ಡದು. ಎರಡು ಗುಂಡು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರುವುದಿಲ್ಲ. ಸಣ್ಣ ತಂತಿಯ ತೂತುಗಳನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಹಾಕಿಸಿ.

ಒಂದು ಬ್ರಿಡ್ಜ್ ಮಾಡಿಸಿದರೆ ಮಷೀನ್ ಸೆಟ್ ಮಾಡುವ ಖರ್ಚೆಲ್ಲ ಅದರ ಮೇಲೇ ಬೀಳುತ್ತದೆ. ಮೂರು ನಾಲ್ಕು ಜನ ಸೇರಿ ಒಟ್ಟಿಗೆ ಮಾಡಿಸಿ.

ಸಣ್ಣ ತಂತಿ ಮೇಲೆ ಇರಬೇಕೋ, ಕೆಳಗೋ?

ನುಡಿಸುವ ರೀತಿ ನೋಡಿ ಹೇಳಬೇಕು. ಸಣ್ಣ ತಂತಿ ನಿಮ್ಮ ಮುಖದ ಕಡೆ ಇದ್ದರೆ, ಪಿಕ್ ಕೆಳಗೆ ಹೊಡೆದಾಗ ಮೊದಲು ಅದೇ ನುಡಿಯುತ್ತದೆ. ಸದ್ದು ಹೊಳೆಯುತ್ತದೆ. ಬೆರಳಲ್ಲಿ ನುಡಿಸುವವರ ಬೆರಳು ಕೆಳಗಿನಿಂದ ಮೇಲೆ ಬರುತ್ತದೆ. ಅವರಿಗೆ ಅದೇ ಜೋಡಣೆಯಲ್ಲಿ ದಪ್ಪ ತಂತಿ ಮೊದಲು ಸಿಗುತ್ತದೆ. ಎರಡು ಬಗೆಯವರಿಗೂ ಅದು ಹೊಂದುವುದರಿಂದ ನಾನು ಸಣ್ಣ ತಂತಿಯನ್ನು ಮುಖದ ಕಡೆಯೇ ಇಡುತ್ತೇನೆ.

ಫ್ರೆಟ್ ಒತ್ತಿದಾಗ ಸಣ್ಣ ತಂತಿ ಸರಿಯಾಗಿ ನುಡಿಯುವುದಿಲ್ಲ. ಯಾಕೆ?

ಬೆರಳು ಮೊದಲು ದಪ್ಪ ತಂತಿಗೆ ತಾಗುತ್ತದೆ. 105ರ ತಂತಿ 2.7 ಮಿ.ಮೀ. ದಪ್ಪ, ಪಕ್ಕದ 46ರದ್ದು 1.2 ಮಿ.ಮೀ. ಮಾತ್ರ. ತಳ ಸಮ ಇದ್ದರೆ ಸಣ್ಣದು ಒಂದೂವರೆ ಮಿ.ಮೀ. ತಗ್ಗಿನಲ್ಲಿ ಉಳಿದುಬಿಡುತ್ತದೆ. ತಲೆಯ ಕಡೆಯ ಪಟ್ಟಿಯಲ್ಲೂ ಸ್ಯಾಡಲ್ಲಿನಲ್ಲೂ ಸಣ್ಣ ತಂತಿಯನ್ನು ಸ್ವಲ್ಪ ಎತ್ತರಿಸಿ, ಅರ್ಧ ವ್ಯತ್ಯಾಸ ಹೋದರೆ ಸಾಕು. ಪೂರ್ತಿ ಎತ್ತರಿಸಿದರೆ ಒತ್ತುವಾಗ ಸಣ್ಣ ತಂತಿಯ ಸ್ವರ ಏರಿಬಿಡುತ್ತದೆ.

ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಗೆ 2ರಿಂದ 2.5 ಮಿ.ಮೀ. ಎತ್ತರ, ಏಳು ಎಂಟನೇ ಫ್ರೆಟ್ಟಿನ ಹತ್ತಿರ ನೆಕ್ಕಿಗೆ 0.3ರಿಂದ 0.4 ಮಿ.ಮೀ. ಬಾಗು ಇಟ್ಟುಕೊಳ್ಳಿ. ಟ್ರಸ್ ರಾಡ್ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ. ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ.

ಮೇಲಿನ ಸಪ್ತಕಕ್ಕೆ ಮಾಮೂಲಿ ಗಿಟಾರ್ ತಂತಿ ಹಾಕಬಹುದೇ?

ದಪ್ಪ ಸರಿಹೋಗುತ್ತದೆ, ಉದ್ದ ಸಾಲುವುದಿಲ್ಲ. 34 ಇಂಚಿನ ಸ್ಕೇಲಿಗೆ ಬ್ರಿಡ್ಜಿನ ಹಿಂದಿನದು, ತಲೆಯ ತುದಿಯವರೆಗಿನದು, ಸುತ್ತುವುದು ಎಲ್ಲ ಸೇರಿ 42 ಇಂಚಿಗಿಂತ ಜಾಸ್ತಿ ಬೇಕಾಗುತ್ತದೆ. ಗಿಟಾರ್ ತಂತಿ ಸಾಮಾನ್ಯವಾಗಿ ಅಷ್ಟು ಉದ್ದ ಬರುವುದಿಲ್ಲ. ಚಿಕ್ಕ ಸ್ಕೇಲಿನಲ್ಲಿ, ಟ್ಯೂನರ್ ಹತ್ತಿರ ಇದ್ದರೆ ಕೆಲವು ತಂತಿ ಮುಟ್ಟುತ್ತವೆ. ಉಳಿದವರು ಎಂಟು ತಂತಿಯ ಬೇಸಿಗೆಂದೇ ಬರುವ ಸೆಟ್ ತರಿಸಿ. ಡಿ'ಅಡಾರಿಯೋ ಅಂಥ ಸೆಟ್ ಮಾಡುತ್ತದೆ. ನಮ್ಮ ಊರಿನ ಅಂಗಡಿಗಳಲ್ಲಿ ಸಿದ್ಧ ಇರುವುದು ಕಡಿಮೆ, ಒಂದು ಸೆಟ್ ಮನೆಯಲ್ಲಿ ಇಟ್ಟುಕೊಂಡಿರಿ.

ಬೇಸಿನ ತಲೆ ಕೆಳಗೆ ವಾಲುತ್ತದೆ. ಏನು ಮಾಡಲಿ?

ಸಣ್ಣ ತಂತಿಗಳಿಗೆ ಗಿಟಾರಿನ ಟ್ಯೂನರೇ ಸಾಕು. ಅದಕ್ಕೆ 10 ಮಿ.ಮೀ. ತೂತು ಬೇಕು. ದಪ್ಪ ತಂತಿಗೆ ಹಗುರ ಜಾತಿಯ ಬೇಸ್ ಟ್ಯೂನರ್ ತನ್ನಿ. ಬಾಡಿಯ ಮೇಲಿನ ಕೊಂಬು ಹನ್ನೆರಡನೇ ಫ್ರೆಟ್ಟಿನವರೆಗೆ ಚಾಚಿರಲಿ, ಬೆಲ್ಟಿನ ಗುಂಡಿ ಅದರ ತುದಿಯಲ್ಲಿ. ಅಗಲವಾದ ಚರ್ಮದ ಬೆಲ್ಟ್ ಹಾಕಿ. ಇಷ್ಟರಲ್ಲಿ ಬಹುತೇಕ ಸರಿಹೋಗುತ್ತದೆ.

ಯಾವ ಪಿಕಪ್? ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಬಹುದೇ?

ಕಂಬಿಯಂತೆ ಉದ್ದಕ್ಕೂ ಅಯಸ್ಕಾಂತ ಇರುವ ಪಿಕಪ್ ಒಳ್ಳೆಯದು. ಬಿಡಿ ಬಿಡಿ ಗುಂಡು ಕಂಬಗಳಿರುವ ಪಿಕಪ್ ಹಾಕಿದರೆ ಜೋಡಿಯ ಒಂದು ತಂತಿ ಜೋರು, ಒಂದು ಮೆಲ್ಲಗೆ ಕೇಳಿಸಬಹುದು.

ಫ್ಯಾನ್ ಸುತ್ತುವ ತಂತಿ ಇದಕ್ಕೆ ಬಹಳ ದಪ್ಪ. ಪಿಕಪ್ಪಿಗೆ ಬಳಸುವುದು 0.063 ಮಿ.ಮೀ. ತಾಮ್ರದ ತಂತಿ, ಕೂದಲಿನಷ್ಟು ಸಪೂರ. ಅದನ್ನು ತರಿಸಿಕೊಂಡು, ಎಣಿಕೆ ಮೀಟರ್ ಇರುವ ಮಷೀನಿನಲ್ಲಿ ಸುತ್ತಿಸಬಹುದು. ಎಳೆಯುವ ಕೈ ಹಗುರ ಇರಬೇಕು. ಮೊದಲ ವಾದ್ಯಕ್ಕೆ ಸಿದ್ಧ ಪಿಕಪ್ ಕೊಳ್ಳಿ.

ಎರಡು ಪಿಕಪ್ ಇದ್ದರೆ ಎರಡು ಜಾಕ್ ಹಾಕಿಸುವುದು ನನ್ನ ಪದ್ಧತಿ. ನೆಕ್ ಕಡೆಯದು ಬೇಸ್ ಆಂಪ್‌ಗೆ, ಬ್ರಿಡ್ಜ್ ಕಡೆಯದು ಡಿಸ್ಟಾರ್ಶನ್ ಪೆಡಲ್ ಮೂಲಕ ಗಿಟಾರ್ ಆಂಪ್‌ಗೆ. ಮೂರು ಜನರ ಬ್ಯಾಂಡಿನಲ್ಲಿ ನಾಲ್ಕನೆಯವರು ಇದ್ದಾರೆ ಅನ್ನಿಸುತ್ತದೆ. ಟೋನ್ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಇದ್ದರೆ 250 ಕೆ, ಎರಡು ಸುರುಳಿಯ ಹಂಬಕ್ಕರ್ ಇದ್ದರೆ 500 ಕೆ ಪಾಟ್ (ಸದ್ದು ಏರಿಳಿಸುವ ಗುಂಡಿ).

ಮಿರಜಿನಲ್ಲಿ ಜವಾರಿ (ತಂತಿಯ ಕೆಳಗಿನ ಬ್ರಿಡ್ಜನ್ನು ಉಜ್ಜಿ ಝೇಂಕಾರ ಬರಿಸುವ ಕೆಲಸ) ಮಾಡಿಸಿ ತಂಬೂರಿಯಂಥ ಸದ್ದು ತರಬಹುದೇ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಬೆಳಗಾವಿಯಿಂದ ಮಿರಜಿಗೆ ನೇರ ರೈಲಿದೆ. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ತಂಬೂರಿಯ ಕುದುರೆ, ಅಂದರೆ ಅದರ ಬ್ರಿಡ್ಜ್, ಚಪ್ಪಟೆ ಅಲ್ಲ, ಮೆಲ್ಲಗೆ ಬಾಗಿದ ಅಗಲ ಮೇಲ್ಮೈ. ತಂತಿ ಅಲುಗುವಾಗ ಅದನ್ನು ಸವರುತ್ತಾ ಹೋಗುತ್ತದೆ. ಅದರಿಂದ ಮೇಲಿನ ಸ್ವರಾಂಶಗಳು ಒಂದೊಂದಾಗಿ ಎದ್ದು ಬರುತ್ತವೆ. ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಬರೆದಿದ್ದಾರೆ.

ಬೇಸಿನಲ್ಲಿ ತೊಡಕು ಏನೆಂದರೆ, ಸವರುವ ಕುದುರೆಯ ಮೇಲೆ ತಂತಿ ಎಲ್ಲಿಂದ ಶುರುವಾಗುತ್ತದೆ ಅನ್ನುವುದೇ ಮಸುಕಾಗುತ್ತದೆ. ಸ್ಯಾಡಲ್ ಹಿಂದೆ ಮುಂದೆ ಸರಿಸಿ ಶ್ರುತಿ ಕೂರಿಸುವ ಆಟ ಅಲ್ಲಿ ನಡೆಯುವುದಿಲ್ಲ. ಫ್ರೆಟ್ ಇಲ್ಲದ ಬೇಸ್ ಆದರೆ ಆ ಚಿಂತೆ ಇಲ್ಲ, ಬೆರಳೇ ಸ್ವರ ಹುಡುಕಿಕೊಳ್ಳುತ್ತದೆ. ಫ್ರೆಟ್ ಇರುವವರು ನಾಲ್ಕು ಸಣ್ಣ ತಂತಿಗಳ ಪೈಕಿ ಒಂದಕ್ಕೆ ಮಾತ್ರ, ಬಿಡಿಯಾಗಿ ನುಡಿಸುವ ತಂತಿಗೆ, ಎಲುಬಿನ ಅಗಲ ಸ್ಯಾಡಲ್ ಮಾಡಿಸಿ ನೋಡಿ. ಜವಾರಿ ಮಾಡುವವರ ಎದುರು ಕೂತು, ಅವರು ಉಜ್ಜುವುದು, ನುಡಿಸುವುದು, ಮತ್ತೆ ಉಜ್ಜುವುದು ನೋಡಿ. ಕಿವಿ ಹೇಗೆ ಕೆಲಸ ಮಾಡುತ್ತದೆ ಅಂತ ಅಲ್ಲಿ ಕಲಿಯಬಹುದು.

ಶ್ರುತಿ ಮಾಡುವ ಕ್ರಮ ಹೇಳಿ.

ಮೊದಲು ದಪ್ಪ ತಂತಿ, ಸಣ್ಣದನ್ನು ಬೆರಳಲ್ಲಿ ಮುಚ್ಚಿ. ಇ ತಂತಿ 41.2 ಹರ್ಟ್ಸ್, ಅದರ ಜೋಡಿ 82.4. ಆಮೇಲೆ ಸಣ್ಣದನ್ನು ಬಿಡಿಯಾಗಿ. ಕೊನೆಗೆ ಎರಡನ್ನೂ ಕೂಡಿಸಿ ನುಡಿಸಿ, ಶ್ರುತಿ ತೋರಿಸುವ ಮೀಟರ್ ಬಿಟ್ಟು ಕಿವಿ ಕೊಡಿ. ಸದ್ದು ವಾವ್ ವಾವ್ ಅಂತ ಬೇಗ ಬೇಗ ತೂಗಿದರೆ ಇನ್ನೂ ಕೂಡಿಲ್ಲ. ತೂಗುವುದು ನಿಧಾನ ಆಗುತ್ತಾ ಹೋಗಲಿ. ಪೂರ್ತಿ ನಿಲ್ಲಿಸುವ ಹಟ ಬೇಡ. ಹೊಸ ತಂತಿ ಹಾಕುವಾಗ ಎಂಟನ್ನೂ ಒಟ್ಟಿಗೆ ಬಿಚ್ಚಬೇಡಿ, ನೆಕ್ ಒಮ್ಮೆಲೇ ಹಿಂದಕ್ಕೆ ಬಾಗುತ್ತದೆ. ಒಂದೊಂದು ಜೋಡಿ ಬದಲಿಸಿ.

ಪೆಂಡಾಲಿನಲ್ಲಿ ನುಡಿಸುವಾಗ ತಂತಿ ಮುಟ್ಟಿದರೆ ಜುಂ ಅನ್ನುತ್ತದೆ. ವೈರಿಂಗ್ ತಪ್ಪೇ?

ಬಹಳ ಸಲ ತಪ್ಪು ನಿಮ್ಮ ಬೇಸಿನಲ್ಲಿ ಇರುವುದಿಲ್ಲ, ಪೆಂಡಾಲಿನ ಕರೆಂಟಿನಲ್ಲಿ ಇರುತ್ತದೆ. ತಂತಿಗಳನ್ನು ಬ್ರಿಡ್ಜ್ ಮೂಲಕ ಗ್ರೌಂಡಿಗೆ ಜೋಡಿಸಿರುತ್ತೇವೆ, ಗುಂಯ್ ಸದ್ದು ತಗ್ಗಲಿ ಅಂತ. ಅಂದರೆ ತಂತಿ ಮುಟ್ಟಿದ ನಿಮ್ಮ ಕೈ ಆಂಪಿನ ಅರ್ಥಿಂಗಿಗೆ ಸೇರಿಕೊಂಡಿದೆ. ಅರ್ಥಿಂಗ್ ಇಲ್ಲದ ಬೋರ್ಡಿಗೆ ಆಂಪ್ ಹಚ್ಚಿ, ಬೇರೆ ಲೈನಿನ ಮೈಕಿಗೆ ತುಟಿ ತಾಗಿಸಿದರೆ ಪ್ರಾಣಕ್ಕೇ ಅಪಾಯ. ಒದ್ದೆ ನೆಲ ಇದ್ದರೆ ಇನ್ನೂ ಕೆಟ್ಟದ್ದು, ಗಣಪತಿ ಹಬ್ಬ ಬರುವುದೇ ಮಳೆಗಾಲದಲ್ಲಿ. ಜುಂ ಅಂದ ಕೂಡಲೇ ನುಡಿಸುವುದು ನಿಲ್ಲಿಸಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಆಂಪ್, ಮಿಕ್ಸರ್, ಪೆಡಲ್ ಎಲ್ಲ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಆ ಬೋರ್ಡಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಪ್ಲಗ್ಗಿನ ಮೂರನೇ ಕಾಲು ಮುರಿದು ಹಚ್ಚುವ ಚಾಳಿ ನಮ್ಮ ಕಡೆ ಇದೆ. ಯಾರು ಹೇಳಿದರೂ ಅದನ್ನು ಮಾತ್ರ ಮಾಡಬೇಡಿ.